ಹವಳಕ್ಕೂ ಹುಳ ಬೀಳುತ್ತದೆ: ಮನೆಯ ಟ್ಯಾಂಕಿನಲ್ಲಿ ಏನು ಮಾಡಬೇಕು?

ಹೂಕೋಸು ತಂದ ದಿನ ಅಮ್ಮ ಅದನ್ನು ನೇರವಾಗಿ ಬಾಣಲೆಗೆ ಹಾಕುವುದಿಲ್ಲ. ಉಪ್ಪು, ಅರಿಶಿನ ಹಾಕಿದ ಬಿಸಿ ನೀರಲ್ಲಿ ಮುಳುಗಿಸಿ ಹತ್ತು ನಿಮಿಷ ಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಹಸಿರು ಹುಳಗಳು ಒಂದೊಂದಾಗಿ ಮೇಲೆ ತೇಲುತ್ತವೆ. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ, ಅದರಲ್ಲಿ ಮೀನಿನ ಜೊತೆ ಜೀವಂತ ಹವಳ ಸಾಕುತ್ತೇನೆ. ಅಮ್ಮನ ಈ ಪದ್ಧತಿ ಹವಳಕ್ಕೂ ಬೇಕು ಎಂದು ತಲೆಗೆ ಹೋಗಲು ನನಗೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಒಂದಿಷ್ಟು ಹವಳವೂ ಹೋಯಿತು, ದುಡ್ಡೂ ಹೋಯಿತು.

ಕೀಟ ಟ್ಯಾಂಕಿನಲ್ಲಿ ತಾನಾಗಿ ಹುಟ್ಟುವುದಿಲ್ಲ. ನಾವೇ ದುಡ್ಡು ಕೊಟ್ಟು ಮನೆಗೆ ತರುತ್ತೇವೆ. ಹವಳದ ತುಂಡನ್ನು ಅಂಟಿಸಿರುವ ಪ್ಲಗ್‌ನ ಅಡಿಭಾಗ, ಕಲ್ಲಿನ ಬಿರುಕು, ಪಾಲಿಪ್‌ಗಳ (ಹವಳದಲ್ಲಿ ಹೂವಿನಂತೆ ಅರಳುವ ಪುಟ್ಟ ಜೀವಗಳ) ನಡುವಿನ ಸಂದಿ, ಇಷ್ಟು ಜಾಗ ಅವಕ್ಕೆ ಸಾಕು.

ಅಂಗಡಿಯಲ್ಲೇ ಶುರು ಮಾಡಿ

ಅಂಗಡಿಯ ನೀಲಿ ಲೈಟಿನ ಕೆಳಗೆ ಎಲ್ಲವೂ ಚಂದ. ಮೊಬೈಲಿನ ಬಿಳಿ ಟಾರ್ಚ್ ಹಾಕಿ ನೋಡಿ. ಪಾಲಿಪ್ ಅರಳಿದೆಯಾ? ಬುಡದಲ್ಲಿ ಕಂದು ಬಣ್ಣದ ಸಣ್ಣ ಹೂವಿನಂಥದ್ದು ಇದೆಯಾ? ಆ ಒಂದು ತುಂಡನ್ನಷ್ಟೇ ಅಲ್ಲ, ಅದು ಇರುವ ಇಡೀ ತೊಟ್ಟಿಯನ್ನು ನೋಡಿ. ಪಕ್ಕದ ಕಲ್ಲಿನಲ್ಲಿ ಕೀಟ ಇದ್ದರೆ ನಿಮ್ಮ ತುಂಡಿನಲ್ಲೂ ಇದೆ ಎಂದೇ ಲೆಕ್ಕ. ಅಂಗಡಿಯವರು "ನೀವು ತಗೊಳ್ತೀರೋ ಇಲ್ವೋ" ಎನ್ನುವ ಮುಖ ಮಾಡುತ್ತಾರೆ. ಮಾಡಲಿ ಬಿಡಿ.

ಇಲ್ಲಿ ಕಾನೂನಿನ ಮಾತೂ ಒಂದಿದೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ ಇರುವ ಪಟ್ಟಿಯೇ ಅದು. ಮಾಲ್ವಣಕ್ಕೋ ಗೋವಾಕ್ಕೋ ಹೋದಾಗ ನೀರಿನಿಂದ ಸುಮ್ನೆ ಒಂದು ತುಂಡು ಎತ್ತಿಕೊಂಡು ಬರುವುದು ಅಪರಾಧ. ಮುಂಬೈಯ ಕೋಸ್ಟಲ್ ರೋಡ್ ಕೆಲಸಕ್ಕಾಗಿ 2020ರಲ್ಲಿ ವರಳಿ, ಹಾಜಿ ಅಲಿ ದಡದ ಹವಳಗಳನ್ನು ತೆಗೆಯಲು ಪಾಲಿಕೆಯೇ ಅನುಮತಿ ಪಡೆದು, ಅವನ್ನು ಬೇರೆ ಕಡೆ ಕೂರಿಸಬೇಕಾಯಿತು. ಹಾಗಾಗಿ ಎಲ್ಲಿಂದ ಬಂತು ಎಂದು ಕೇಳಿ, ಬಿಲ್ ಇಟ್ಟುಕೊಳ್ಳಿ. ನಾನು ಜೋವಾ, ಮಶ್ರೂಮ್, ಲೆದರ್‌ನಂಥ ಮೆದು ಜಾತಿಗಳನ್ನು ಮಾತ್ರ ಸಾಕುತ್ತೇನೆ. ಮುಂದೆ ಹೇಳುವುದೂ ಹೆಚ್ಚಾಗಿ ಅವುಗಳದ್ದೇ.

ಮೂರು ಟಬ್‌ಗಳ ಸ್ನಾನ

ಇದನ್ನು ನೀರು ಬದಲಿಸುವ ದಿನವೇ ಇಟ್ಟುಕೊಳ್ಳಿ. ಹೇಗಿದ್ದರೂ ಟ್ಯಾಂಕಿನಿಂದ ನೀರು ತೆಗೆಯುತ್ತೀರಿ, ಅದೇ ಸ್ನಾನಕ್ಕೆ ಬರುತ್ತದೆ. ಹೊಸ ನೀರು ಕಲಸುವ ತಾಪತ್ರಯವಿಲ್ಲ.

ಬಿಳಿ ಬಣ್ಣದ ಮೂರು ಟಬ್ ತೆಗೆದುಕೊಳ್ಳಿ. ಬಿಳಿಯೇ ಬೇಕು, ಉದುರಿದ ಹುಳ ಅದರಲ್ಲೇ ಕಾಣುವುದು. ಮೂರಕ್ಕೂ ಟ್ಯಾಂಕಿನ ನೀರು ತುಂಬಿ. ಮೊದಲನೆಯದಕ್ಕೆ ಡಿಪ್, ಅಂದರೆ ಹವಳವನ್ನು ಮುಳುಗಿಸಿ ಹುಳ ಉದುರಿಸುವ ಔಷಧಿ ಹಾಕಿ. ಹವಳಕ್ಕೆಂದೇ ಬರುವ ಡಿಪ್ ಬಾಟಲಿಗಳಿವೆ, ಅಯೋಡಿನ್ ಡಿಪ್ ಕೂಡ ಸಿಗುತ್ತದೆ. ಅಳತೆ ಬಾಟಲಿಯ ಮೇಲೆ ಬರೆದಷ್ಟೇ. ಎರಡು ಹನಿ ಜಾಸ್ತಿ ಹಾಕಿದರೆ ಹುಳ ಬೇಗ ಸಾಯುತ್ತದೆ ಎಂದುಕೊಂಡರೆ ಹುಳದ ಜೊತೆ ಹವಳವೂ ಸಾಯುತ್ತದೆ.

ಕೈಗವಸು, ಕನ್ನಡಕ ಹಾಕಿಕೊಳ್ಳಿ. ಇದು ಬರೀ ಶಿಸ್ತಿನ ಮಾತಲ್ಲ. ಜೋವಾ ಮತ್ತು ಅದರ ಅಣ್ಣನಂತಿರುವ ಪ್ಯಾಲಿಥೋವಾ ಜಾತಿಯ ಕೆಲವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರುತ್ತದೆ. ಕತ್ತರಿಸುವಾಗ ರಸ ಕಣ್ಣಿಗೆ ಚಿಮ್ಮಬಾರದು, ಗಾಯಕ್ಕೆ ತಾಗಬಾರದು. ಕೀಟ ಹೋಗಲಿ ಎಂದು ಇಂಥ ಕಲ್ಲನ್ನು ಕುದಿಸುವ ಯೋಚನೆಯನ್ನಂತೂ ಮಾಡಲೇಬೇಡಿ. ಆ ಹಬೆ ಉಸಿರಿಗೆ ಹೋಗಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಸಂಗಗಳು ಹೊರದೇಶಗಳಲ್ಲಿ ನಡೆದಿವೆ.

ಇನ್ನು ಕೆಲಸ. ಸಾಧ್ಯವಾದರೆ ಹವಳವನ್ನು ಅಂಗಡಿಯ ಪ್ಲಗ್‌ನಿಂದ ಬಿಡಿಸಿ, ಆ ಪ್ಲಗ್ ಬಿಸಾಡಿ. ಅರ್ಧ ಕೀಟ ಅಲ್ಲೇ ಹೋಯಿತು. ತುಂಡನ್ನು ಮೊದಲ ಟಬ್‌ಗೆ ಬಿಟ್ಟು ಐದರಿಂದ ಹತ್ತು ನಿಮಿಷ, ಬಾಟಲಿ ಹೇಳಿದಷ್ಟು ಹೊತ್ತು ಇಡಿ. ಸುಮ್ನೆ ಕೂರಬೇಡಿ. ಪ್ಲಾಸ್ಟಿಕ್ ಪಿಚಕಾರಿಯಿಂದ ಅದೇ ನೀರನ್ನು ಎಳೆದು ಸಂದಿ ಸಂದಿಗೂ ಚಿಮ್ಮಿಸಿ. ಔಷಧಿ ತಾಗಿ ಮಂಕಾದ ಹುಳ ಈ ಹೊಡೆತಕ್ಕೇ ಉದುರುವುದು. ಬುಡದ ಕಲ್ಲನ್ನು ಹಳೇ ಟೂತ್ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಆಮೇಲೆ ಎರಡನೇ ಟಬ್‌ನಲ್ಲಿ ಅಲ್ಲಾಡಿಸಿ, ಮೂರನೆಯದರಲ್ಲಿ ಮತ್ತೊಮ್ಮೆ. ಟಬ್‌ನ ನೀರು ಒಂದು ಲೋಟದಷ್ಟೂ ಟ್ಯಾಂಕಿಗೆ ವಾಪಸ್ ಹೋಗಬಾರದು.

ನಮ್ಮ ಊರಿನ ಸೆಕೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಟ್ಯಾಂಕ್ ಚಿಲ್ಲರ್ ದಯೆಯಿಂದ 26 ಡಿಗ್ರಿಯಲ್ಲಿ ಇರುತ್ತದೆ. ಮೇ ತಿಂಗಳಲ್ಲಿ ಕಿಟಕಿ ಪಕ್ಕ ಟಬ್ ಇಟ್ಟರೆ ನೋಡನೋಡುತ್ತಲೇ 30 ದಾಟುತ್ತದೆ. ಬೆಳಗ್ಗೆ ಬೇಗ ಮುಗಿಸಿ, ಇಲ್ಲವೇ ಏಸಿ ಕೋಣೆಯಲ್ಲಿ ಮಾಡಿ.

ಮೊಟ್ಟೆಗೆ ಸ್ನಾನ ತಟ್ಟುವುದಿಲ್ಲ

ಡಿಪ್ ಮಾಡಿದೆ, ಇನ್ನು ನಿಶ್ಚಿಂತೆ ಎಂದುಕೊಂಡು ನಾನು ಕೆಟ್ಟೆ. ಡಿಪ್ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೊಟ್ಟೆ ಕಂಡರೆ ಬ್ಲೇಡಿನಿಂದ ಕೆರೆದು ತೆಗೆಯಬೇಕು. ಕಾಣದೆ ಉಳಿದದ್ದಕ್ಕೆ ಕ್ವಾರಂಟೈನ್ ಒಂದೇ ದಾರಿ.

20–30 ಲೀಟರಿನ ಗಾಜಿನ ತೊಟ್ಟಿ, ಸಣ್ಣ ಪಂಪ್, ಒಂದು ಲೈಟ್ ಇದ್ದರಾಯಿತು. ನಮ್ಮನೆಯಲ್ಲಿ ಶೂ ರ್‍ಯಾಕ್ ಮೇಲಿದೆ. ಬಂದವರು "ಇದ್ಯಾಕೆ ಖಾಲಿ ಇದೆ" ಎಂದು ಕೇಳುತ್ತಾರೆ. ಹೊಸ ಹವಳ ಇದರಲ್ಲಿ ನಾಲ್ಕರಿಂದ ಆರು ವಾರ ಇರಲಿ. ವಾರಕ್ಕೊಮ್ಮೆ ಮತ್ತೆ ಡಿಪ್ ಮಾಡಿ. ಒಡೆದು ಹೊರಬಂದ ಮರಿಗಳು ದೊಡ್ಡವಾಗಿ ತಾವೂ ಮೊಟ್ಟೆ ಇಡುವ ಮೊದಲೇ ಹಿಡಿಯುವುದು ಇದರ ಲೆಕ್ಕ. ಇಷ್ಟು ಸಣ್ಣ ತೊಟ್ಟಿಯಲ್ಲಿ ನೀರು ಆವಿಯಾಗಿ ಉಪ್ಪು ಬೇಗ ಏರುತ್ತದೆ. ದಿನವೂ ಆರ್‌ಓ ನೀರು ಸೇರಿಸಿ ಸಾಂದ್ರತೆಯನ್ನು 1.025ರ ಆಸುಪಾಸಿನಲ್ಲಿ ಉಳಿಸಿಕೊಳ್ಳಿ.

ಈಗಾಗಲೇ ಒಳಗೆ ಬಂದಿದ್ದರೆ

ಮೊದಲು ಗುರುತು ಹಿಡಿಯಿರಿ, ಆಮೇಲೆ ಔಷಧಿ. ಉಪ್ಪುನೀರಿನ ಟ್ಯಾಂಕಿಗೆ ಹಾಕುವ ಪ್ರತಿ ಔಷಧಿಯೂ ಯಾವುದೋ ಒಂದು ಜೀವಕ್ಕೆ ವಿಷವೇ.

ಎಲ್ಲರ ಮನೆಗೂ ಬರುವ ಅತಿಥಿ ಐಪ್ಟೇಸಿಯಾ. ಇದು ಕಂದು ಬಣ್ಣದ, ಉದ್ದ ಕಾಂಡದ, ಸಣ್ಣ ತೆಂಗಿನ ಮರದಂತೆ ಕಾಣುವ ಕಡಲ ಹೂವು, ಅಂದರೆ ಸೀ ಅನಿಮೋನ್ ಎಂಬ ಪ್ರಾಣಿ. ನೋಡಲು ಮುದ್ದಾಗಿಯೇ ಇದೆ. ನಾನೂ ಮೊದಲ ಸಲ ಕಂಡಾಗ "ಪುಕ್ಕಟೆ ಸಿಕ್ಕಿತು" ಎಂದು ಖುಷಿಪಟ್ಟು ಫೋಟೋ ತೆಗೆದಿದ್ದೆ! ಆಮೇಲೆ ಉಡುಪಿಗೆ ಹೊರಟೆವು. ಹತ್ತು ದಿನ ಮೀನಿಗೆ ಆಹಾರ ಹಾಕಲು ಪಕ್ಕದ ಮನೆಯ ಹುಡುಗನಿಗೆ ಹೇಳಿದ್ದೆ. ಅವನು ಪ್ರೀತಿಯಿಂದ ಮುಷ್ಟಿಗಟ್ಟಲೆ ಹಾಕಿದ್ದ. ಮತ್ಸ್ಯಗಂಧ ರೈಲಿನಲ್ಲಿ ವಾಪಸ್ ಬಂದು ನೋಡಿದರೆ ಒಂದಿದ್ದದ್ದು ಎಣಿಸಲಾರದಷ್ಟಾಗಿತ್ತು. ಮಿಕ್ಕ ಆಹಾರವೆಲ್ಲ ಅದಕ್ಕೆ ಗೊಬ್ಬರ. ಅದು ತನ್ನ ಕುಟುಕುವ ಎಳೆಗಳಿಂದ ಪಕ್ಕದ ಹವಳವನ್ನು ಸುಡುತ್ತದೆ.

ಇದನ್ನು ಕಿತ್ತು ತೆಗೆಯಬೇಡಿ, ಉಜ್ಜಬೇಡಿ. ಗದ್ದೆಯ ಜೇಕಿನ ಹಾಗೆ ಬುಡದ ಚೂರು ಉಳಿದರೂ ಮತ್ತೆ ಚಿಗುರುತ್ತದೆ. ಮುಟ್ಟಿದರೆ ಸರಕ್ಕನೆ ಬಿರುಕಿನೊಳಗೆ ಎಳೆದುಕೊಳ್ಳುತ್ತದೆ. ಅದು ಬಾಯಿ ತೆರೆದು ಕೂತಿರುವಾಗಲೇ ಕೆಲಸ ಆಗಬೇಕು.

ಅದಕ್ಕೆ ನನ್ನ ಆಯುಧ ಸುಣ್ಣ. ಹೌದು, ಎಲೆ ಅಡಿಕೆಗೆ ಹಚ್ಚುವ ಸುಣ್ಣದ ಮೂಲವಸ್ತುವೇ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಟ್ಯಾಂಕಿನವರು ಕಾಲ್ಕ್‌ವಾಸರ್ ಎಂದು ಕರೆಯುತ್ತಾರೆ. ಪಾನ್ ಬೀಡಾ ಅಂಗಡಿಯ ಡಬ್ಬಿ ಬೇಡ, ಅದರಲ್ಲಿ ಪರಿಮಳ, ಬಣ್ಣ ಇರಬಹುದು. ಶುದ್ಧ ಪುಡಿಗೆ ನಾಲ್ಕು ಹನಿ ಆರ್‌ಓ ನೀರು ಹಾಕಿ ನೀರ್‌ದೋಸೆ ಹಿಟ್ಟಿಗಿಂತ ಗಟ್ಟಿ, ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ. ಸೂಜಿ ಇಲ್ಲದ ಸಿರಿಂಜ್‌ಗೆ ಎಳೆದುಕೊಳ್ಳಿ. ಪಂಪ್‌ಗಳನ್ನೆಲ್ಲ ಆಫ್ ಮಾಡಿ, ನೀರು ನಿಲ್ಲಲಿ. ಸಿರಿಂಜನ್ನು ಬಾಯಿಯ ಹತ್ತಿರ ತಂದು, ಅದನ್ನು ಮುಟ್ಟದೆ, ಮೇಲಿಂದ ಮೆಲ್ಲಗೆ ಸುರಿಸಿ. ಊಟ ಬಂತು ಎಂದುಕೊಂಡು ಅದೇ ನುಂಗುತ್ತದೆ. ನುಂಗಿದ ಮೇಲೆ ಇಡೀ ಹೂವನ್ನು ಸುಣ್ಣದಿಂದ ಮುಚ್ಚಿ, ಹದಿನೈದು ನಿಮಿಷ ಬಿಟ್ಟು ಪಂಪ್ ಹಾಕಿ.

ಒಂದು ದಿನಕ್ಕೆ ಮೂರು, ನಾಲ್ಕು ಸಾಕು. ಸುಣ್ಣ ನೀರಿನ ಪಿಎಚ್ ಅನ್ನು ಏರಿಸುತ್ತದೆ. ಭಾನುವಾರ ಒಂದೇ ದಿನ ಎಲ್ಲಾ ಮುಗಿಸುತ್ತೇನೆ ಎಂದು ಕೂತರೆ ಸೋಮವಾರ ಮೀನುಗಳಿಗೆ ಸೂತಕ. ಹವಳಕ್ಕೆ ತೀರಾ ಅಂಟಿಕೊಂಡು ಬೆಳೆದದ್ದಕ್ಕೂ ಸುಣ್ಣ ಬೇಡ.

ನೂರಾರು ಆಗಿದ್ದರೆ ತಿನ್ನುವವರನ್ನು ತರಬೇಕು. ಪೆಪರ್‌ಮಿಂಟ್ ಸಿಗಡಿ ಇದಕ್ಕೆ ಹೆಸರಾದದ್ದು. ಆದರೆ ಇಲ್ಲೇ ನಾನು ಮೋಸ ಹೋದೆ. ಪೆಪರ್‌ಮಿಂಟ್ ಎಂದು ಹೇಳಿ ನನಗೆ ಕೊಟ್ಟದ್ದು ಕ್ಯಾಮೆಲ್ ಸಿಗಡಿ. ಅದು ಐಪ್ಟೇಸಿಯಾವನ್ನು ಮೂಸಿಯೂ ನೋಡಲಿಲ್ಲ. ಮೂರು ರಾತ್ರಿಯಲ್ಲಿ ನನ್ನ ಕಿತ್ತಳೆ ಬಣ್ಣದ ಜೋವಾಗಳನ್ನು ಕಿತ್ತು ತಿಂದಿತು. ಕ್ಯಾಮೆಲ್‌ಗೆ ಬೆನ್ನ ಮೇಲೆ ಗೂನು, ಮೈಮೇಲೆ ಎದ್ದು ಕಾಣುವ ಬಿಳಿ ಗೆರೆ ಮತ್ತು ಚುಕ್ಕೆ. ಪೆಪರ್‌ಮಿಂಟ್ ಹೆಚ್ಚು ಪಾರದರ್ಶಕ, ಅದರ ಕೆಂಪು ಗೆರೆಗಳ ನಡುವೆ ಬಿಳಿ ಪಟ್ಟಿ ಇರುವುದಿಲ್ಲ. ಫೋಟೋ ಇಟ್ಟುಕೊಂಡೇ ಅಂಗಡಿಗೆ ಹೋಗಿ. ಬರ್ಗಿಯಾ ಎಂಬ ಸಣ್ಣ ನ್ಯೂಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಬಸವನಹುಳು) ಐಪ್ಟೇಸಿಯಾ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಆದರೆ ಐಪ್ಟೇಸಿಯಾ ಮುಗಿದ ಮೇಲೆ ಬರ್ಗಿಯಾ ಹಸಿದು ಸಾಯುತ್ತದೆ, ಟ್ಯಾಂಕಿನ ರಾಸ್ ಮೀನು ಅದನ್ನೇ ತಿನ್ನುವುದೂ ಉಂಟು. ಕಾಪರ್‌ಬ್ಯಾಂಡ್ ಚಿಟ್ಟೆಮೀನನ್ನು ಹಲವರು ಸೂಚಿಸುತ್ತಾರೆ. ನನ್ನಂಥ ಸಣ್ಣ ಟ್ಯಾಂಕಿನವರು ಅದರ ಆಸೆ ಬಿಡುವುದೇ ಒಳ್ಳೆಯದು. ಜಾಗ ಜಾಸ್ತಿ ಬೇಕು, ಊಟಕ್ಕೆ ಬಲು ಸತಾಯಿಸುತ್ತದೆ.

ಬಣ್ಣ ಬದಲಿಸುವ ಕಳ್ಳ

ಜೋವಾ ಎರಡು ಮೂರು ದಿನ ಅರಳದೆ ಮುದುಡಿಯೇ ಇದ್ದರೆ ಅನುಮಾನ ಪಡಿ. ಅದನ್ನು ತಿನ್ನುವ ಸಣ್ಣ ನ್ಯೂಡಿಬ್ರಾಂಕ್ ಕೂಡ ಇದೆ. ಯಾವ ಬಣ್ಣದ ಜೋವಾ ತಿಂದಿತೋ ಅದೇ ಬಣ್ಣ ಇದಕ್ಕೂ ಬರುತ್ತದೆ. ಹಗಲಲ್ಲಿ ಕಣ್ಣೆದುರಿಗೇ ಇದ್ದರೂ ಕಾಣುವುದಿಲ್ಲ. ಲೈಟ್ ಆರಿ ಎರಡು ಗಂಟೆ ಆದ ಮೇಲೆ ಕೆಂಪು ಬೆಳಕಿನ ಟಾರ್ಚ್ ಹಿಡಿದು ನೋಡಿ. ಪಾಲಿಪ್‌ನ ಕಾಂಡದಲ್ಲಿ ಸುರುಳಿಯಾಕಾರದ ಬಿಳಿ ಮೊಟ್ಟೆ ಕಂಡರೆ ಇನ್ನು ಸಾಕ್ಷಿ ಬೇಡ. ಚಿಮಟದಿಂದ ಹೆಕ್ಕಿ, ಮೊಟ್ಟೆ ಕೆರೆದು, ಐದಾರು ದಿನಕ್ಕೊಮ್ಮೆ ನಾಲ್ಕು ಸಲವಾದರೂ ಡಿಪ್ ಮಾಡಿ.

ಗಾಜಿನ ಮೇಲೆ, ಹವಳದ ಮೇಲೆ ತುಕ್ಕು ಬಣ್ಣದ ಚಪ್ಪಟೆ ಚುಕ್ಕೆಗಳು ಹರಿದಾಡುತ್ತಿದ್ದರೆ ಅದು ಕೆಂಪು ಫ್ಲ್ಯಾಟ್‌ವರ್ಮ್. ಇದಕ್ಕೆ ಟ್ಯಾಂಕಿಗೇ ಹಾಕುವ ಔಷಧಿ ಇದೆ. ಆದರೆ ಅವಸರ ಬೇಡ, ಈ ಹುಳ ಸಾಯುವಾಗ ವಿಷ ಬಿಡುತ್ತದೆ. ಸಾವಿರ ಹುಳ ಒಟ್ಟಿಗೆ ಸತ್ತರೆ ಮೀನೂ ಸಾಯುತ್ತದೆ. ಹಾಗಾಗಿ ಮೊದಲು ಸಣ್ಣ ಪೈಪಿನಿಂದ ದಿನಾ ಎಳೆದು ತೆಗೆಯಿರಿ. ಬೆರಳೆಣಿಕೆಯಷ್ಟು ಉಳಿದ ಮೇಲೆ ಔಷಧಿ ಹಾಕಿ. ಹೊಸ ಆಕ್ಟಿವೇಟೆಡ್ ಕಾರ್ಬನ್ ಮತ್ತು ಕಾಲು ಭಾಗ ಹೊಸ ಉಪ್ಪುನೀರು ಮೊದಲೇ ಸಿದ್ಧವಾಗಿ ಪಕ್ಕದಲ್ಲಿರಲಿ.

ಕಲ್ಲಿನ ಮೇಲೆ ಗಟ್ಟಿ ಕೊಳವೆ ಕಟ್ಟಿ ಲೋಳೆಯ ಬಲೆ ಬೀಸುವ ವರ್ಮೆಟಿಡ್ ಬಸವನಹುಳಕ್ಕೆ ಕೊಳವೆಯ ಬಾಯಿಗೆ ಒಂದು ಹನಿ ಸೂಪರ್ ಗ್ಲೂ ಜೆಲ್, ಅಷ್ಟೇ. ರೋಮದ ಬ್ರಿಸಲ್ ಹುಳ ಕಂಡು ಕಿರುಚುವವರು ಬಹಳ. ಅದು ಕೊಳೆತದ್ದನ್ನು ತಿನ್ನುವ ಜಾಡಮಾಲಿ, ಬಿಟ್ಟುಬಿಡಿ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಮುಳ್ಳು ಬೆರಳಿಗೆ ಹತ್ತಿದರೆ ಎರಡು ದಿನ ಉರಿ.

ಎಲ್ಲಾ ಮುಗಿದ ಮೇಲೆ ಉಳಿಯುವುದು ಆ ಟಬ್‌ನ ನೀರು, ಕಿತ್ತ ಪ್ಲಗ್, ಕೆರೆದ ಮೊಟ್ಟೆ. ಇವನ್ನು ಖಾಡಿಗೋ ಸಮುದ್ರಕ್ಕೋ ಸುರಿಯಬೇಡಿ. ಎಲ್ಲಿಂದಲೋ ಬಂದ ಕೀಟ ಅರಬ್ಬಿ ಸಮುದ್ರ ಸೇರುವುದು ಬೇಡ. ಬಾಲ್ಕನಿಯಲ್ಲಿ ಒಂದು ಬಕೆಟ್‌ಗೆ ಹಾಕಿ, ಬ್ಲೀಚ್ ಸುರಿದು, ಒಂದು ದಿನ ಬಿಟ್ಟು ಬಚ್ಚಲಿಗೆ ಚೆಲ್ಲಿ. ಆ ಬಕೆಟ್ ಮೇಲೆ ಮಾರ್ಕರ್‌ನಲ್ಲಿ ‘ಮಾಶಾಂಚಾ’ (ಮೀನುಗಳದ್ದು) ಎಂದು ಮರಾಠಿಯಲ್ಲೇ ಬರೆದಿಡಿ. ನಮ್ಮನೆಯಲ್ಲಿ ಒಮ್ಮೆ ಕೆಲಸದ ಮಾವಶಿ ಅದೇ ನೀರಲ್ಲಿ ಇಡೀ ಹಾಲ್ ಒರೆಸಿ, "ಇವತ್ತು ನೆಲ ಚೆನ್ನಾಗಿ ಹೊಳೆಯುತ್ತಿದೆ ಅಲ್ವಾ" ಎಂದಿದ್ದರು.