ಹೇಮಾವತಿ ಹಿನ್ನೀರಲ್ಲಿ ತೆಪ್ಪದಿಂದ ಬಾಳೆಮೀನು: ನನ್ನ ಅನುಭವ

ಹಾಸನ ಜಿಲ್ಲೆಯ ಹೇಮಾವತಿ ಅಣೆಕಟ್ಟಿನ ಗೊರೂರು ಹಿನ್ನೀರಿನ ಸುತ್ತ ಗಾಳ ಹಾಕುವವರೆಲ್ಲ ನನಗೆ ಹೇಳುತ್ತಿದ್ದದ್ದು ಒಂದೇ ಮಾತು: ಬಾಳೆ (ಬೇರೆ ಮೀನು ನುಂಗುವ ದೊಡ್ಡ ಮೀಸೆ ಮೀನು) ಬೇಕಾದರೆ ಬಲೆ ಹಾಕು, ಗಾಳಕ್ಕೆ ಕಾಟ್ಲಾ, ರೋಹು, ಜಿಲೇಬಿ (ತಿಲಾಪಿಯ) ಸಾಕು. ನಾನು ಹೋಗುವ ತೆಪ್ಪದ ಯಜಮಾನರಂತೂ "ಅದು ರಾತ್ರಿ ಮೀನು ಕಣಪ್ಪ, ನಿನ್ನ ಕಡ್ಡಿಗೆಲ್ಲಿ ಬತ್ತದೆ" ಅಂತ ನಕ್ಕೇಬಿಟ್ಟಿದ್ದರು. ಈ ಬೇಸಿಗೆಯಲ್ಲಿ ಅದೇ ತೆಪ್ಪದಲ್ಲಿ ಕೂತು ಒಂದು ಮುಸ್ಸಂಜೆ ಮೂರು ಬಾಳೆ ಎತ್ತಿದೆ, ದೊಡ್ಡದು 7 ಕೆಜಿ ಆಸುಪಾಸು. ಈಗ ಅವರೇ ಫೋನ್ ಮಾಡಿ "ಗಾಳಿ ನಿಂತದೆ, ಬತ್ತೀಯೇನಪ್ಪ?" ಅಂತ ಕೇಳುತ್ತಾರೆ.

ಅಲ್ಲಿಗೆ ಮುಟ್ಟುವ ಮೊದಲು ಹೋದ ದುಡ್ಡಿನ ಲೆಕ್ಕ ಹೇಳಲೇಬೇಕು. ಶುರುವಿನಲ್ಲಿ ರಬ್ಬರ್ ಕಪ್ಪೆ, ಪ್ಲಾಸ್ಟಿಕ್ ಮೀನು ಅಂತ ಒಂದೊಂದಕ್ಕೆ 250ರಿಂದ 600 ರೂಪಾಯಿ ಸುರಿದೆ. ಹಿನ್ನೀರಿನ ತಳದಲ್ಲಿ ಮುಳುಗಡೆಯಾದ ತೋಟಗಳ ಮರದ ಬೊಡ್ಡೆಗಳು ಹಾಗೇ ನಿಂತಿವೆ, ಒಂದಕ್ಕೆ ಸಿಕ್ಕಿಕೊಂಡರೆ ಅಷ್ಟೇ. ಸುಮಾರು 5–6 ಸಾವಿರದ ಮಾಲು ಅಲ್ಲೇ ನೀರಡಿ ಇದೆ. ಅಂಚಿನ ಜೊಂಡಿನಲ್ಲಿ ರಬ್ಬರ್ ಕಪ್ಪೆಗೆ ಕೊರವ ಮೀನು ಬಂತು, ಚೆನ್ನಾಗೇ ಬಂತು. ಬಾಳೆ ಮಾತ್ರ ತಿರುಗಿಯೂ ನೋಡಲಿಲ್ಲ.

ಜೀವಂತ ಮೀನಿಗೆ ಬದಲಾಯಿಸಿದ ಮೇಲೆ ಕಚ್ಚಿದವು, ಆದರೆ ದಡ ಸೇರಲಿಲ್ಲ. ಬಾಳೆಯ ಬಾಯಿ ಕಣ್ಣು ದಾಟಿ ಹಿಂದಿನವರೆಗೂ ಸೀಳಿರುತ್ತದೆ, ಒಳಗೆ ಅರದಂಥ ಸಣ್ಣ ಹಲ್ಲುಗಳು. 60 ಪೌಂಡ್ ತಡೆಯುವ ನೈಲಾನ್ ದಾರ ಕೂಡ ಎರಡು ಸಲ ಉಜ್ಜಿದರೆ ಕತ್ತರಿಸಿ ಹೋಗುತ್ತದೆ. ಸ್ಟೀಲ್ ವೈರ್ ಕಟ್ಟಿದರೆ ಮೀನು ಹತ್ತಿರ ಸುಳಿಯಲ್ಲ ಅಂತ ಒಂದು ನಂಬಿಕೆ ನಮ್ಮಲ್ಲಿದೆ. ಒಂಟಿ ಎಳೆಯ ಗಟ್ಟಿ ವೈರಿಗೆ ಅದು ನಿಜವೂ ಹೌದು. ಏಳೆಳೆ ಹೊಸೆದ ಮೆತ್ತನೆ ವೈರ್ ಒಂದಡಿ ಕಟ್ಟಿ ನೋಡಿ, ಅನುಮಾನವಿಲ್ಲದೆ ನುಂಗುತ್ತದೆ. ಹತ್ತು ಮೀಟರಿಗೆ 300 ರೂಪಾಯಿ ಕೊಟ್ಟ ನೆನಪು. ನನ್ನ ಇಡೀ ಖರ್ಚಿನಲ್ಲಿ ಇದರಷ್ಟು ಸಾರ್ಥಕವಾದದ್ದು ಬೇರೆ ಯಾವುದೂ ಇಲ್ಲ.

ಇನ್ನು ತೆಪ್ಪ. ಒಂದೇ ಕಲ್ಲು ಇಳಿಬಿಟ್ಟರೆ ತೆಪ್ಪ ನಿಲ್ಲುವುದಿಲ್ಲ, ಸುತ್ತುತ್ತಲೇ ಇರುತ್ತದೆ. ಹತ್ತು ನಿಮಿಷದಲ್ಲಿ ಎರಡೂ ಗಾಳದ ದಾರ ಹಗ್ಗಕ್ಕೆ ಹೊಸೆದುಕೊಂಡಿರುತ್ತದೆ. ಎದುರುಬದುರು ಎರಡು ಕಲ್ಲು ಕಟ್ಟಿ, ಗಾಳಿ ಬರುವ ಕಡೆಯ ಹಗ್ಗವನ್ನು ಉದ್ದ ಬಿಟ್ಟು, ಇನ್ನೊಂದನ್ನು ಬಿಗಿ ಮಾಡಿದರೆ ನೆಲದ ಮೇಲೆ ಕೂತಷ್ಟು ಭದ್ರ. ಫೈಬರ್ ತೆಪ್ಪವಾದರೆ ಇನ್ನೊಂದು ಕೆಲಸ ಇದೆ. ಕಾಲು ಸರಿಸಿದರೂ, ಬಕೆಟ್ ಇಟ್ಟರೂ ಸದ್ದು ತಳಕ್ಕೆ ಇಳಿಯುತ್ತದೆ. ನಾನು ಗೋಣಿಚೀಲ ನಾಲ್ಕು ಮಡಿಕೆ ಹಾಸಿ, ಮೇಲೆ ದನದ ಕೊಟ್ಟಿಗೆಯ ರಬ್ಬರ್ ಮ್ಯಾಟಿನ ತುಂಡು ಹಾಕಿದ್ದೇನೆ. ಆಮೇಲೆ ಕಚ್ಚುವುದು ತೆಪ್ಪದ ಹತ್ತಿರಕ್ಕೇ ಬಂತು. ಯಜಮಾನರು ಇದನ್ನು ನಂಬುವುದಿಲ್ಲ, ಆದರೆ ತೆಪ್ಪದಲ್ಲಿ ಗೋಣಿಚೀಲ ಈಗಲೂ ಇದೆ. ಮೀನು ಹಿಡಿಯುವ ಲೈಸೆನ್ಸ್ ಅವರದು, ತೆಪ್ಪ ಅವರದು, ಸಂಜೆಗೆ 400 ರೂಪಾಯಿ ಮತ್ತು ಸಿಕ್ಕಿದ್ದರಲ್ಲಿ ಅರ್ಧ ಅವರಿಗೆ. ಲೈಫ್ ಜಾಕೆಟ್ ಇಬ್ಬರಿಗೂ ನನ್ನದೇ.

ಜಾಗದ ವಿಷಯಕ್ಕೆ ಬಂದರೆ, ನೀರು ತುಂಬಿದಾಗ ಬಾಳೆ ಹುಡುಕಿ ಪ್ರಯೋಜನವಿಲ್ಲ. 2922 ಅಡಿ ಮುಟ್ಟಿ 37 ಟಿಎಂಸಿ ನಿಂತಿದ್ದಾಗ ಮೀನು ಎಲ್ಲೆಂದರಲ್ಲಿ ಚದುರಿರುತ್ತದೆ. ಹಿನ್ನೀರಿನಲ್ಲಿ ಮುಳುಗಿ ಏಳುವ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಗೋಡೆಬುಡ ಬಿಟ್ಟು ನೀರು ಹಿಂದೆ ಸರಿದು, ಸುತ್ತ ನೆಲ ಒಣಗಿ ಬಿರುಕು ಬಿಟ್ಟ ಮೇಲೆ ನಮ್ಮ ಕಾಲ. ನಾಲೆಗೆ ನೀರು ಹರಿದಷ್ಟೂ ಮೀನು ಅಂಚು ಬಿಟ್ಟು ಹೊಳೆಯ ಹಳೇ ಪಾತ್ರಕ್ಕೆ ಇಳಿಯುತ್ತದೆ. ಅಣೆಕಟ್ಟು ಮುಗಿದದ್ದು 1979ರಲ್ಲಿ. ಅದಕ್ಕೆ ಮೊದಲು ಹೊಳೆ ಎಲ್ಲಿ ತಿರುಗುತ್ತಿತ್ತು ಅಂತ ಊರಿನ ಅಜ್ಜಂದಿರನ್ನು ಕೇಳಿದರೆ ಬೆರಳು ಮಾಡಿ ತೋರಿಸುತ್ತಾರೆ. ನೀರಿನ ಆಳ, ಮೀನು ತೋರಿಸುವ ಹದಿನೈದು ಸಾವಿರದ ಫಿಶ್ ಫೈಂಡರ್ ಯಂತ್ರ ಕೊಳ್ಳುವ ಆಸೆ ಇತ್ತು, ಕೊಳ್ಳಲಿಲ್ಲ. ಮಾರಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಅಳೆದೆ. ಮೂರು ಮಾರು ಇದ್ದದ್ದು ಒಮ್ಮೆಲೇ ಐದೂವರೆ, ಆರಕ್ಕೆ ಬೀಳುವ ಕಡೆ ಇದೆಯಲ್ಲ, ಅದೇ ಹಳೇ ದಂಡೆ. ಬಾಳೆ ಆ ದಂಡೆಯ ಬುಡದಲ್ಲಿರುತ್ತದೆ. ಅಣೆಕಟ್ಟಿನ ಹತ್ತಿರದ ನಿಷೇಧಿತ ಜಾಗಕ್ಕೆ ಹೋಗಬೇಡಿ, ಬೇಕಾಗಿಯೂ ಇಲ್ಲ. ನಾನು ಕೂರುವ ತಿರುವು ಯಾವುದು ಅಂತ ಮಾತ್ರ ಕೇಳಬೇಡಿ.

ಮಧ್ಯಾಹ್ನದ ಪಡುವಣ ಗಾಳಿ ಸೂರ್ಯ ಇಳಿಯುತ್ತಿದ್ದಂತೆ ನಿಲ್ಲುತ್ತದೆ. ಅಷ್ಟರೊಳಗೆ ಬೀಸುಬಲೆಯಲ್ಲಿ ಬೆರಳುದ್ದದ ಪಕ್ಕೆ ಅನ್ನುವ ಸಣ್ಣ ಮೀನು ಹಿಡಿದು ಬಕೆಟ್ಟಿನಲ್ಲಿ ಬಿಟ್ಟಿರಬೇಕು. ನೀರಿಗೆ ಗಾಳಿ ಊದುವ ಬ್ಯಾಟರಿ ಪಂಪ್ ಇಲ್ಲದಿದ್ದರೆ ಅರ್ಧ ಗಂಟೆಗೆ ಎಲ್ಲ ಮೇಲೆ ತೇಲುತ್ತವೆ. ಬೆನ್ನಿನ ರೆಕ್ಕೆಯ ಹಿಂದೆ, ಮೂಳೆಗೆ ತಾಗದಂತೆ ಚುಚ್ಚಿ, ತಳದಿಂದ ಒಂದು ಮೊಳ ಮೇಲೆ ನಿಲ್ಲುವಂತೆ ಬೆಂಡು (ದಾರದ ಮೇಲೆ ತೇಲುವ ತುಂಡು) ಸರಿಮಾಡಿ. ಭಾರದ ಸೀಸದ ಗುಂಡು ವೈರಿನ ಮೇಲ್ಗಡೆ ಇರಲಿ, ಮೀನಿನ ಪಕ್ಕದಲ್ಲಿ ಬೇಡ. ಚುಚ್ಚುವ ಮುಂಚೆ ಪಕ್ಕೆಗೆ ನಾನು ಮಾಡುವ ಒಂದು ಸಣ್ಣ ಕೆಲಸ ಇದೆ, ಅದು ನನ್ನಲ್ಲೇ ಇರಲಿ.

ಕಚ್ಚುವುದು ದಂಡೆಯ ಮರಗಳ ಬಣ್ಣ ಹೋಗಿ ಬರೀ ಕಪ್ಪಾಗಿ ಕಾಣುವ ಹೊತ್ತಿನಿಂದ ಮುಕ್ಕಾಲು ಗಂಟೆ. ಬೆಂಡು ಕುಣಿಯುವುದಿಲ್ಲ, ನಿಧಾನ ಓರೆಯಾಗಿ ಒಳಗೆ ಹೋಗುತ್ತದೆ. ಇಲ್ಲೇ ಎಲ್ಲರೂ ಜಗ್ಗುವುದು. ಜಗ್ಗಿದರೆ ಕಚ್ಚಿಹೋದ ಪಕ್ಕೆ ಮಾತ್ರ ವಾಪಸ್ ಬರುತ್ತದೆ. ಬಾಳೆ ಮೊದಲು ಅಡ್ಡ ಹಿಡಿದು ಓಡುತ್ತದೆ, ಆಮೇಲೆ ನಿಂತು ತಲೆಯ ಕಡೆಯಿಂದ ನುಂಗುತ್ತದೆ. ರೀಲು ಬಿಟ್ಟು ದಾರ ಕೊಡಿ. ನಿಂತಾಗ ಜಗ್ಗದೆ ಕೈ ತಡೆದು ಕಾಯಿರಿ. ಎರಡನೇ ಓಟ ಶುರುವಾದಾಗ ರೀಲು ಮುಚ್ಚಿ ಸುಮ್ಮನೆ ಬಿಗಿ ಮಾಡಿ. ಮೊನೆ ಒಳಕ್ಕೆ ಬಾಗಿದ ಸರ್ಕಲ್ ಹುಕ್ ಆದರೆ ತುಟಿಯ ಮೂಲೆಗೆ ತಾನೇ ಕೂರುತ್ತದೆ. 7 ಕೆಜಿಯದು ಮೊದಲ ಎಳೆತಕ್ಕೇ ತೆಪ್ಪವನ್ನು ಹಗ್ಗದ ಉದ್ದಕ್ಕೂ ತಿರುಗಿಸಿತು. ಯಜಮಾನರು "ಬುಡಬ್ಯಾಡ, ಬುಡಬ್ಯಾಡ!" ಅಂತ ನನಗಿಂತ ಜೋರಾಗಿ ಕೂಗುತ್ತಿದ್ದರು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಕೋಳಿ ಕರುಳಿಗೆ ಬಂದದ್ದು ಬರೀ ಆಫ್ರಿಕನ್ ಕ್ಯಾಟ್‌ಫಿಶ್. ಸಾಕುವುದನ್ನೇ ಸರ್ಕಾರ ನಿಷೇಧಿಸಿರುವ ಮೀನು, ಸಿಕ್ಕರೆ ನೀರಿಗೆ ವಾಪಸ್ ಬಿಡಬೇಡಿ. ಸಣ್ಣ ಜಿಲೇಬಿ ಮರಿ ಪಕ್ಕೆಗಿಂತ ಗಟ್ಟಿ ಜೀವ, ಬಕೆಟ್ಟಿನಲ್ಲಿ ಸಾಯುವುದಿಲ್ಲ, ಆದರೆ ಬೆನ್ನಿನ ಮುಳ್ಳಿಗೋ ಏನೋ ಕಚ್ಚುವುದು ಅರ್ಧಕ್ಕರ್ಧ ಕಡಿಮೆ. ಬೆಂಡಿಗೆ ಹಸಿರು ಲೈಟ್ ಕಡ್ಡಿ ಕಟ್ಟಬಹುದು, ತೊಂದರೆಯಿಲ್ಲ. ನೀರಿಗೆ ಟಾರ್ಚ್ ಬಿಟ್ಟರೆ ಮಾತ್ರ ಆ ಸಂಜೆ ಮುಗಿಯಿತು ಅಂದುಕೊಳ್ಳಿ. ಆಲೂರು ಕಡೆಯಿಂದ ಬರುವವರು ವಾಪಸ್ ಹೋಗುವ ಮುಂಚೆ ಆನೆ ಎಲ್ಲಿದೆ ಅಂತ ವಿಚಾರಿಸಿಕೊಂಡೇ ಹೊರಡಿ.

ಬಾಳೆಗೆ ನಮ್ಮ ಕಡೆ ಕೆಜಿಗೆ 300ರ ಹತ್ತಿರ ಸಿಗುತ್ತದೆ. ಕಡ್ಡಿ, ರೀಲು, ದಾರ ಸೇರಿ ನನ್ನ 9–10 ಸಾವಿರ ಇನ್ನೂ ಹುಟ್ಟಿಲ್ಲ, ಈ ಬೇಸಿಗೆಯದು ಮಾತ್ರ ಸರಿದೂಗಿದೆ. ಜೀವಜಾತಿಗಳ ಸ್ಥಿತಿ ಅಳೆಯುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಬಾಳೆ ಅಪಾಯಕ್ಕೆ ತುತ್ತಾಗಬಲ್ಲ (ವಲ್ನರಬಲ್) ಜಾತಿ ಅಂತ ಗೊತ್ತಾದ ಮೇಲೆ ಸಂಜೆಗೆ ಒಂದನ್ನು ಮಾತ್ರ ಇಟ್ಟುಕೊಳ್ಳುವುದು ಅಂತ ಯಜಮಾನರ ಜೊತೆ ಮಾತಾಗಿದೆ. ಆ 7 ಕೆಜಿಯದನ್ನೂ ಒದ್ದೆ ಗೋಣಿಯ ಮೇಲೆ ಮಲಗಿಸಿ, ಇಕ್ಕಳದಲ್ಲಿ ಗಾಳ ಬಿಡಿಸಿ, ನೀರಿಗೆ ಬಿಟ್ಟೆವು. ಮಳೆ ಹಿಡಿದು ಸಕಲೇಶಪುರದ ಕಡೆಯಿಂದ ಕೆಂಪು ನೀರು ಇಳಿದರೆ ಅದು ಮೊಟ್ಟೆ ಇಡುವ ಕಾಲ, ಆಗ ನಾನು ತೆಪ್ಪ ಹತ್ತುವುದಿಲ್ಲ. ಮುಂದಿನ ಬೇಸಿಗೆಗೆ ಇದೇ ಕ್ರಮವನ್ನು ಬೇಲೂರಿನ ಯಗಚಿ ಹಿನ್ನೀರಿನಲ್ಲಿ ನೋಡಬೇಕು ಅಂತಿದೆ. ಹಗ್ಗ, ಕಲ್ಲು ಈಗಲೇ ತಯಾರು.