ಹಿಮಗಾಲದಲ್ಲಿ ಅವೊಮೊರಿಯ ಆರ್ಟ್ ಮ್ಯೂಸಿಯಂಗಳು: ಚಿಕ್ಕಬಳ್ಳಾಪುರದಿಂದ ಹೊರಡುವವರಿಗೆ

ಜನವರಿ ಕೊನೆ ಇಲ್ಲವೇ ಫೆಬ್ರವರಿಯಲ್ಲಿ ಹೋಗಿ. ಆಗ ಹಿಮ ಚೆನ್ನಾಗಿ ಕೂತಿರುತ್ತದೆ, ಹೊಸ ವರ್ಷಕ್ಕೆ ಮುಚ್ಚಿದ ಮ್ಯೂಸಿಯಂಗಳೂ ತೆರೆದಿರುತ್ತವೆ. ಜಾಗ ಅವೊಮೊರಿ ಪ್ರಾಂತ್ಯ, ಜಪಾನಿನ ದೊಡ್ಡ ದ್ವೀಪ ಹೊನ್‌ಶುವಿನ ಉತ್ತರ ತುದಿ. ಸೈಬೀರಿಯಾದಿಂದ ಬೀಸುವ ಒಣ ಚಳಿಗಾಳಿ ಜಪಾನ್ ಸಮುದ್ರ ದಾಟುವಾಗ ನೀರಾವಿ ಹೀರಿಕೊಂಡು, ಇಲ್ಲಿನ ಬೆಟ್ಟಗಳಿಗೆ ಬಡಿದು, ಅಷ್ಟನ್ನೂ ಹಿಮವಾಗಿ ಸುರಿಸಿಬಿಡುತ್ತದೆ. ಜನವರಿಯ ಸರಾಸರಿ ತಾಪಮಾನ ಸೊನ್ನೆಯ ಆಸುಪಾಸು ಅಷ್ಟೇ. ಅಂದರೆ ಚಳಿಗೆ ಹೆದರಬೇಕಿಲ್ಲ, ಹಿಮಕ್ಕೆ ತಯಾರಾಗಿ ಹೋದರೆ ಸಾಕು.

ನಮ್ಮವರಿಗೆ ಒಂದು ಅನುಕೂಲ ಇದೆ. ದೇವನಹಳ್ಳಿ ಏರ್‌ಪೋರ್ಟ್ ಬೆಂಗಳೂರಿನ ಎಷ್ಟೋ ಬಡಾವಣೆಗಳಿಗಿಂತ ಚಿಕ್ಕಬಳ್ಳಾಪುರಕ್ಕೇ ಹತ್ತಿರ, ಹೈವೇ ಹತ್ತಿದರೆ ಆಯಿತು. ಅಲ್ಲಿಂದ ಟೋಕಿಯೋದ ನರಿಟಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇದೆ. ವೀಸಾಗೆ ಅರ್ಜಿ ಹಾಕುವುದು ಅರ್ಜಿ ಕೇಂದ್ರ ನಡೆಸುವ ವಿಎಫ್‌ಎಸ್ ಸಂಸ್ಥೆಯ ಮೂಲಕ. ಟೋಕಿಯೋದಿಂದ ಶಿನ್-ಅವೊಮೊರಿಗೆ ಹಯಬುಸಾ ಬುಲೆಟ್ ಟ್ರೈನಿನಲ್ಲಿ ಮೂರು ಗಂಟೆ ಚಿಲ್ಲರೆ. ಎಲ್ಲವೂ ರಿಸರ್ವ್ ಸೀಟೇ, ಆದ್ದರಿಂದ ಮೊದಲೇ ಬುಕ್ ಮಾಡಿ. ಪ್ರವಾಸಿಗರ ರೈಲು ಪಾಸ್ ಆದ ಜೆಆರ್ ಈಸ್ಟ್ ಪಾಸ್ ತಗೊಂಡರೆ ಲಾಭವಾ ಅಂತ ಬಿಡಿ ಟಿಕೆಟ್ ಬೆಲೆಯ ಜೊತೆ ಲೆಕ್ಕ ಹಾಕಿ ನೋಡಿ.

ನನ್ನ ಮುಖ್ಯ ಸಲಹೆ ಇದು: ದಿನಕ್ಕೆ ಒಂದೇ ಮ್ಯೂಸಿಯಂ. ಸಂಜೆ ಐದರ ಹೊತ್ತಿಗೆಲ್ಲಾ ಕತ್ತಲಾಗುತ್ತದೆ, ಬಸ್ಸುಗಳು ಕಡಿಮೆ, ಹಿಮ ಜೋರಾದರೆ ಎಲ್ಲವೂ ತಡ. ಎರಡು ಮೂರು ಕಡೆ ಓಡಲು ಹೋದರೆ ಬಸ್‌ಸ್ಟಾಪಿನಲ್ಲೇ ದಿನ ಕಳೆದುಹೋಗುತ್ತದೆ. ಅವೊಮೊರಿ ನಗರದಲ್ಲಿ ರೂಮು ಮಾಡಿಕೊಂಡು ಅಲ್ಲಿಂದ ಓಡಾಡಿ.

ಮೊದಲು ಅವೊಮೊರಿ ಮ್ಯೂಸಿಯಂ ಆಫ್ ಆರ್ಟ್. 2006ರಲ್ಲಿ ತೆರೆದದ್ದು, ವಾಸ್ತುಶಿಲ್ಪಿ ಜುನ್ ಅವೊಕಿ. ಪಕ್ಕದಲ್ಲೇ ಸಾವಿರಾರು ವರ್ಷ ಹಳೆಯ ಜೋಮೋನ್ ಜನರ ನೆಲೆ ಸನ್ನೈ-ಮರುಯಾಮ ಇದೆ. ಅಲ್ಲಿ ಭೂಮಿ ಅಗೆದ ಗುಂಡಿಗಳನ್ನು ನೋಡಿಯೇ ಈ ಕಟ್ಟಡದ ಕಲ್ಪನೆ ಹುಟ್ಟಿದ್ದು. ಹೊರಗೆ ಬಿಳಿ ಇಟ್ಟಿಗೆ, ಒಳಗೆ ಕೆಲವು ಕಡೆ ನೆಲ ಗೋಡೆ ಎಲ್ಲಾ ಮಣ್ಣಿನದೇ, ನಮ್ಮ ಹಳ್ಳಿಗಳ ಹಳೇ ಮಣ್ಣಿನ ಮನೆಗಳ ಹಾಗೆ. ನಡುವಿನ ದೊಡ್ಡ ಹಾಲ್‌ನಲ್ಲಿ ಚಿತ್ರಕಾರ ಮಾರ್ಕ್ ಶಗಾಲ್ 1942ರಲ್ಲಿ ‘ಅಲೆಕೋ’ ಬ್ಯಾಲೆಗೆ ಬರೆದ ರಂಗಪರದೆಗಳಿವೆ. ನಾಲ್ಕರಲ್ಲಿ ಮೂರು ಈ ಮ್ಯೂಸಿಯಂನದ್ದೇ. ಒಂದೊಂದೂ ಸುಮಾರು 15 ಮೀಟರ್ ಅಗಲ. ಹತ್ತಿರ ನಿಂತರೆ ಬಣ್ಣ ಮಾತ್ರ ಕಾಣುತ್ತದೆ, ಹಿಂದೆ ಹಿಂದೆ ಹೋಗುತ್ತಾ ನೋಡಿ, ಚಿತ್ರ ನಿಧಾನಕ್ಕೆ ಮೂಡುತ್ತದೆ. ಆಮೇಲೆ ಜಪಾನಿನ ಕಲಾವಿದ ಯೊಶಿಟೊಮೊ ನಾರಾ ಮಾಡಿದ ‘ಅವೊಮೊರಿ ನಾಯಿ’, 8.5 ಮೀಟರ್ ಎತ್ತರ, ಬಯಲಲ್ಲಿ ತಲೆ ತಗ್ಗಿಸಿ ಕೂತಿದೆ. ಚಳಿಗಾಲದಲ್ಲಿ ಅದರ ತಲೆಯ ಮೇಲೆ ಹಿಮ ಟೋಪಿ ಥರ ಕೂರುತ್ತದೆ. ಬೇಸಿಗೆಯಲ್ಲಿ ಹೋದವರಿಗೆ ಇದು ಸಿಗುವುದಿಲ್ಲ, ಅಲ್ವಾ?

ಇದೇ ಪ್ರಾಂತ್ಯದ ತೊವಾಡ ಊರಿನ ತೊವಾಡ ಆರ್ಟ್ ಸೆಂಟರ್ ನನಗೆ ಎಲ್ಲಕ್ಕಿಂತ ಇಷ್ಟ. 2008ರಲ್ಲಿ ತೆರೆದದ್ದು, ವಿನ್ಯಾಸ ರ‍್ಯುಯೆ ನಿಶಿಜಾವಾ ಅವರದ್ದು. ಬಿಡಿ ಬಿಡಿ ಬಿಳಿ ಕೋಣೆಗಳು, ನಡುವೆ ಗಾಜಿನ ಓಣಿ. ಒಂದು ಕೃತಿ ನೋಡಿ ಇನ್ನೊಂದಕ್ಕೆ ಹೋಗುವಾಗ ಎರಡೂ ಕಡೆ ಹಿಮ ಕಾಣುತ್ತದೆ, ಕಣ್ಣಿಗೂ ಒಂದು ವಿರಾಮ. ಶಿಲ್ಪಿ ರಾನ್ ಮ್ಯೂಕ್ ಮಾಡಿದ ‘ಸ್ಟ್ಯಾಂಡಿಂಗ್ ವುಮನ್’ ಸುಮಾರು 4 ಮೀಟರ್ ಎತ್ತರದ ವಯಸ್ಸಾದ ಹೆಂಗಸು. ಕೆಳಗೆ ನಿಂತು ತಲೆ ಎತ್ತಿ ಮುಖದ ಸುಕ್ಕು, ಚರ್ಮದ ಬಣ್ಣ, ಕೂದಲಿನ ಎಳೆ ನೋಡಿ. ಫೋಟೋ ಆಮೇಲೆ ತೆಗೆದರಾಯಿತು. ಶಿಚಿನೊಹೆ-ತೊವಾಡ ಸ್ಟೇಷನ್ನಿನಲ್ಲಿ ಇಳಿದು ಬಸ್ ಹಿಡಿಯಬೇಕು. ವಾಪಸ್ ಬರುವ ಕೊನೇ ಬಸ್ಸಿನ ಟೈಮು ಹೋಗುವ ಮೊದಲೇ ಬರೆದಿಟ್ಟುಕೊಳ್ಳಿ.

ಹಿರೊಸಾಕಿ, ‘ಅವೊಮೊರಿ ನಾಯಿ’ ಮಾಡಿದ ನಾರಾ ಹುಟ್ಟಿದ ಊರು. ಅಲ್ಲಿನ ಸಮಕಾಲೀನ ಕಲಾ ಮ್ಯೂಸಿಯಂ 2020ರಲ್ಲಿ ತೆರೆಯಿತು. ಆಪಲ್ ಸೈಡರ್ ತಯಾರಿಸುತ್ತಿದ್ದ ಹಳೇ ಇಟ್ಟಿಗೆ ಕಟ್ಟಡಕ್ಕೆ ವಾಸ್ತುಶಿಲ್ಪಿ ತ್ಸುಯೊಶಿ ತಾನೆ ಚಿನ್ನದ ಬಣ್ಣದ ಟೈಟಾನಿಯಂ ಚಾವಣಿ ಹೊದಿಸಿದ್ದಾರೆ. ಬೆಳಕು ಬದಲಾದ ಹಾಗೆ ಅದರ ಬಣ್ಣವೂ ಬದಲಾಗುತ್ತದೆ. ಶಿನ್-ಅವೊಮೊರಿಯಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಹೋಗಬಹುದು.

ರಜಾದಿನ ನೋಡಿಕೊಳ್ಳಿ: ತೊವಾಡಕ್ಕೆ ಸೋಮವಾರ, ಹಿರೊಸಾಕಿಗೆ ಮಂಗಳವಾರ, ಅವೊಮೊರಿಗೆ ತಿಂಗಳ ಎರಡನೇ ಮತ್ತು ನಾಲ್ಕನೇ ಸೋಮವಾರ. ಪ್ರದರ್ಶನ ಬದಲಾಯಿಸುವಾಗಲೂ ಮುಚ್ಚುತ್ತಾರೆ, ಆದ್ದರಿಂದ ಹೊರಡುವ ವಾರ ವೆಬ್‌ಸೈಟ್ ಇನ್ನೊಮ್ಮೆ ನೋಡಿ.

ಬಟ್ಟೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಥರ್ಮಲ್, ಅದರ ಮೇಲೆ ಸ್ವೆಟರ್, ಮೇಲೊಂದು ನೀರು ಇಳಿಯದ ಜಾಕೆಟ್. ಮ್ಯೂಸಿಯಂ ಒಳಗೆ ಹೀಟರ್‌ಗೆ ಬೆವರುತ್ತೀರಿ, ಜಾಕೆಟ್ ಲಾಕರ್‌ನಲ್ಲಿಟ್ಟು ಹೋಗಿ. ದುಡ್ಡು ಹಾಕುವುದಾದರೆ ಬೂಟಿಗೆ ಹಾಕಿ: ನೀರು ಹಿಡಿಯಬಾರದು, ಅಡಿ ಜಾರಬಾರದು. ಹಿಮ ಕರಗಿ ಮತ್ತೆ ಗಡ್ಡೆ ಕಟ್ಟಿದ ಫುಟ್‌ಪಾತ್ ಮೇಲೆ ಚಿಕ್ಕ ಹೆಜ್ಜೆ ಇಡಿ, ಪಾದ ಪೂರ್ತಿ ಊರಿ, ಕೈ ಜೇಬಿನಿಂದ ಹೊರಗಿರಲಿ. ಸೂರಿನ ಕೆಳಗೆ ನಿಲ್ಲಬೇಡಿ, ಚಾವಣಿಯ ಹಿಮ ಒಂದೇ ಏಟಿಗೆ ಜಾರಿ ಬೀಳುತ್ತದೆ. ಫೋನ್ ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ಸಸ್ಯಾಹಾರಿಗಳಿಗೆ ಊಟ ಕಷ್ಟ. ಸಾರು, ಸಾಸು ಬಹುತೇಕ ಎಲ್ಲದರಲ್ಲೂ ದಾಶಿ, ಅಂದರೆ ಮೀನು ಹಾಕಿ ತೆಗೆದ ರಸ, ಇರುತ್ತದೆ. ರಾಗಿ ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ. ಬಿಸಿನೀರು ಹೋಟೆಲ್ ರೂಮಿನಲ್ಲೇ ಕಾಯಿಸಿಕೊಳ್ಳಬಹುದು. ನಮ್ಮ ದ್ರಾಕ್ಷಿ, ಸೀಬೆಹಣ್ಣು, ಹಸಿ ಕರಿಬೇವು ಮಾತ್ರ ಬ್ಯಾಗಿಗೆ ಹಾಕಬೇಡಿ, ಜಪಾನಿನ ಏರ್‌ಪೋರ್ಟಿನಲ್ಲಿ ತೆಗೆದುಕೊಂಡುಬಿಡುತ್ತಾರೆ. ಹಣ್ಣು ಅಲ್ಲೇ ತಿನ್ನಿ. ಜಪಾನಿನ ಅರ್ಧಕ್ಕಿಂತ ಜಾಸ್ತಿ ಸೇಬು ಬೆಳೆಯುವುದು ಅವೊಮೊರಿಯಲ್ಲೇ.