ನಾಯಿಮರಿಗೆ ಮನೆಪಾಠ: ದಿನಕ್ಕೆ ಐದೈದು ನಿಮಿಷ ಸಾಕು

"ಹಾಲ್‌ನಲ್ಲಿ ಉಚ್ಚೆ ಮಾಡಿದರೆ ಮೂತಿಯನ್ನು ಅಲ್ಲೇ ಉಜ್ಜಿ, ಎರಡು ಬಿಡಿ. ಬುದ್ಧಿ ಬರುತ್ತೆ." ಬೀದಿಯಿಂದ ಎರಡು ತಿಂಗಳ ಮರಿಯೊಂದನ್ನು ಮನೆಗೆ ತಂದಾಗ ನಮಗೆ ಸಿಕ್ಕ ಮೊದಲ ಸಲಹೆ ಇದು. ಹೊಡೆಯಲು ಮನಸ್ಸು ಬರಲಿಲ್ಲ. ಆದರೆ ಒಂದೆರಡು ಸಲ ಜೋರಾಗಿ ಗದರಿದೆವು. ಕರಿಯ ಒಳಗೆ ಉಚ್ಚೆ ಮಾಡುವುದನ್ನು ಬಿಡಲಿಲ್ಲ, ಸೋಫಾದ ಹಿಂದೆ ಹೋಗಿ ಮಾಡಲು ಶುರು ಮಾಡಿದ. ಮನೆಯೊಳಗೆ ಮಾಡಬಾರದು ಅಂತ ಅವನಿಗೆ ತಿಳಿದಿರಲಿಲ್ಲ. ಇವರ ಎದುರು ಮಾಡಬಾರದು ಅಂತ ತಿಳಿದಿತ್ತು, ಅಷ್ಟೇ.

ನಾವು ಏನು ಹೇಳಿದೆವು ಅನ್ನುವುದಕ್ಕಿಂತ, ತಾನು ಒಂದು ಕೆಲಸ ಮಾಡಿದ ಕೂಡಲೇ ಏನಾಯಿತು ಅನ್ನುವುದನ್ನು ನಾಯಿ ನೆನಪಿಡುತ್ತದೆ. ಕೂಡಲೇ ಅಂದರೆ ಒಂದೆರಡು ಸೆಕೆಂಡಿನೊಳಗೆ. ಅರ್ಧ ಗಂಟೆ ಹಿಂದಿನ ತಪ್ಪಿಗೆ ಈಗ ಬೈದರೆ ಅದಕ್ಕೆ ಕಾಣುವುದು ನಿಮ್ಮ ಸಿಟ್ಟು ಮಾತ್ರ.

ಮೊದಲು ಮನೆಯವರ ಪಾಠ

ಅಜ್ಜಿ "ಕೂತ್ಕೋ" ಅನ್ನುತ್ತಾರೆ, ಮಕ್ಕಳು "ಸಿಟ್" ಅನ್ನುತ್ತಾರೆ, ಅಪ್ಪ "ಏಯ್, ಸುಮ್ನಿರೋ" ಅನ್ನುತ್ತಾರೆ. ಮರಿ ಯಾರ ಮಾತು ಕೇಳಬೇಕು? ನಾಲ್ಕೇ ಪದ ಇಟ್ಟುಕೊಳ್ಳಿ: ಕೂರು, ಬಾ, ಇರು, ಬಿಡು. ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಮನೆಕೆಲಸಕ್ಕೆ ಬರುವವರಿಗೂ ಹೇಳಿಕೊಡಿ.

ಉಚ್ಚೆ, ಕಕ್ಕ

ಜಾಸ್ತಿ ತಾಳ್ಮೆ ಬೇಕಾಗುವುದು ಇಲ್ಲೇ. ಎರಡು ತಿಂಗಳ ಮರಿಗೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ನಿದ್ದೆಯಿಂದ ಎದ್ದ ತಕ್ಷಣ, ಊಟವಾದ ಸ್ವಲ್ಪ ಹೊತ್ತಿಗೆ, ಆಟ ಮುಗಿದ ಮೇಲೆ, ಮಲಗುವ ಮುಂಚೆ ಹೊರಗೆ ಕರೆದುಕೊಂಡು ಹೋಗಿ. ಇದಲ್ಲದೆ ಹಗಲಲ್ಲಿ ಎರಡು ಗಂಟೆಗೊಮ್ಮೆ, ರಾತ್ರಿ ಒಂದೆರಡು ಸಲ. ಪ್ರತಿ ಸಲ ಅದೇ ಬಾಗಿಲು, ಅದೇ ಮೂಲೆ. ಅಲ್ಲಿ ಮಾತಾಡಿಸದೆ ಸುಮ್ನೆ ನಿಲ್ಲಿ. ಕೆಲಸ ಮುಗಿಸಿದ ಕೂಡಲೇ ಅಲ್ಲೇ ಒಂದು ತುಣುಕು ತಿಂಡಿ ಕೊಟ್ಟು ಹೊಗಳಿ. ಮನೆಯೊಳಗೆ ಬಂದ ಮೇಲೆ ಕೊಟ್ಟರೆ, ಒಳಗೆ ಓಡಿ ಬಂದಿದ್ದಕ್ಕೆ ತಿಂಡಿ ಸಿಕ್ಕಿತು ಅಂದುಕೊಳ್ಳುತ್ತದೆ.

ಒಳಗೇ ಶುರು ಮಾಡಿದ್ದನ್ನು ಕಂಡರೆ ಕಿರುಚದೆ ಎತ್ತಿಕೊಂಡು ಹೊರಗೆ ಹೋಗಿ. ಆಗಲೇ ಮುಗಿಸಿದ್ದರೆ ಒರೆಸಿ, ಬಿಟ್ಟುಬಿಡಿ. ವಾಸನೆ ಉಳಿದರೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಹಾಗಾಗಿ ನೀರಿನಲ್ಲಿ ಒರೆಸಿದ ಮೇಲೆ, ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಇನ್ನೊಮ್ಮೆ ಒರೆಸಿ. ಅಮೋನಿಯಾ ಇರುವ ಕ್ಲೀನರ್ ಬೇಡ, ಅದರ ವಾಸನೆ ಉಚ್ಚೆಯಂತೆಯೇ ಇರುತ್ತದೆ.

ಲಸಿಕೆಗಳು ಮುಗಿಯುವ ತನಕ ಬೇರೆ ನಾಯಿಗಳು ಓಡಾಡುವ ಕಡೆ ಮರಿಯನ್ನು ನೆಲಕ್ಕೆ ಬಿಡಬೇಡಿ. ಪಾರ್ವೊ ವೈರಸ್ ಮರಿಗಳ ಜೀವ ತೆಗೆಯುತ್ತದೆ. ಮನೆಗೆ ಅಂಗಳ ಇಲ್ಲದಿದ್ದರೆ ಅಲ್ಲಿಯವರೆಗೆ ಬಾಲ್ಕನಿಯಲ್ಲಿ ಹಳೇ ಪೇಪರ್ ಹಾಸಿ ಅಲ್ಲೇ ಅಭ್ಯಾಸ ಮಾಡಿಸಿ. ಹಾಗಂತ ಮರಿಯನ್ನು ಮನೆಯಲ್ಲೇ ಕೂಡಿ ಹಾಕಬೇಡಿ. ಎತ್ತಿಕೊಂಡು ಹೋಗಿ ಆಟೋ, ತರಕಾರಿ ಗಾಡಿ, ಹೆಲ್ಮೆಟ್ ಹಾಕಿದವರು, ಮಕ್ಕಳು ಎಲ್ಲವನ್ನೂ ತೋರಿಸಿ. ಮೊದಲ ಮೂರು ತಿಂಗಳಲ್ಲಿ ಕಂಡದ್ದಕ್ಕೆ ನಾಯಿ ದೊಡ್ಡದಾದ ಮೇಲೆ ಅಷ್ಟಾಗಿ ಹೆದರುವುದಿಲ್ಲ.

"ಕೂರು"

ಬೇಯಿಸಿದ ಕೋಳಿ, ಮೊಟ್ಟೆ ಅಥವಾ ಕ್ಯಾರೆಟ್ ತೆಗೆದುಕೊಳ್ಳಿ. ತುಣುಕು ಕಡಲೆಕಾಳಿನಷ್ಟಿದ್ದರೆ ಸಾಕು. ಅದನ್ನು ಮೂಗಿನ ಹತ್ತಿರ ಹಿಡಿದು, ನಿಧಾನವಾಗಿ ತಲೆಯ ಮೇಲಿಂದ ಹಿಂದಕ್ಕೆ ಸರಿಸಿ. ಮೂತಿ ಮೇಲೆ ಹೋದಂತೆ ಕುಂಡಿ ತಾನಾಗೇ ನೆಲಕ್ಕೆ ತಾಗುತ್ತದೆ. ತಾಗಿದ ಕ್ಷಣ "ಶಭಾಶ್" ಅಂದು ತಿಂಡಿ ಕೊಡಿ. ಸೊಂಟ ಒತ್ತಿ ಕೂರಿಸಬೇಡಿ. ಎರಡು ಮೂರು ದಿನ ಪದವೇ ಬೇಡ. ಸಲೀಸಾಗಿ ಕೂರಲು ಬಂದ ಮೇಲೆ ಕೈ ಎತ್ತುವ ಮುಂಚೆ ಒಂದೇ ಸಲ "ಕೂರು" ಅನ್ನಿ. "ಕೂರು, ಕೂರು, ಕೂರು" ಅಂತಿದ್ದರೆ ಮೂರನೇ ಸಲಕ್ಕೇ ಕೂರುವುದು ಅಂತ ಕಲಿಯುತ್ತದೆ.

ಊಟಕ್ಕೆ ಮುಂಚೆ, ಹಸಿವಿದ್ದಾಗ, ಐದು ನಿಮಿಷ. ದಿನಕ್ಕೆ ಎರಡು ಮೂರು ಸಲ. ನಿಮಗೆ ಸಿಟ್ಟು ಬಂದರೆ ಆ ದಿನದ ಪಾಠ ಅಲ್ಲಿಗೇ ನಿಲ್ಲಿಸಿ. ತಿಂಡಿ ಕೊಟ್ಟಷ್ಟು ಊಟ ಕಡಿಮೆ ಮಾಡಿ. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ. ಪಾಯಸದ ಒಣದ್ರಾಕ್ಷಿ, ಈರುಳ್ಳಿ ಹಾಕಿದ ಸಾಂಬಾರ್ ಕೂಡ ಇದರಲ್ಲೇ ಬಂತು.

"ಬಾ"

ನಾಲ್ಕರಲ್ಲಿ ಜೀವ ಉಳಿಸುವ ಪದ ಇದು. ಇದನ್ನು ನಾವು ಕೆಡಿಸಿಕೊಂಡೆವು. "ಬಾ" ಅಂತ ಕರೆದು ಸ್ನಾನ ಮಾಡಿಸಿದೆವು, ಕರೆದು ಮಾತ್ರೆ ನುಂಗಿಸಿದೆವು. ಆ ಪದ ಕೇಳಿದರೆ ಸಾಕು, ಕರಿಯ ಮಂಚದ ಕೆಳಗೆ. ಕೊನೆಗೆ "ಬಾ" ಬಿಟ್ಟು "ಇಲ್ಲಿ" ಅನ್ನುವ ಹೊಸ ಪದದಿಂದ ಮೊದಲಿಂದ ಶುರು ಮಾಡಬೇಕಾಯಿತು. ಸ್ನಾನಕ್ಕೋ ಮಾತ್ರೆಗೋ ಆದರೆ ನೀವೇ ಅದರ ಹತ್ತಿರ ಹೋಗಿ. ಕರೆದಾಗ ಬಂದರೆ, ಎಷ್ಟೇ ತಡವಾಗಿ ಬಂದರೂ, ಮುದ್ದು ಮಾಡಿ. ಮೊದಲು ಕೋಣೆಯೊಳಗೆ ನಾಲ್ಕು ಹೆಜ್ಜೆ ದೂರದಿಂದ ಕರೆಯಿರಿ, ಆಮೇಲೆ ಅಂಗಳದಲ್ಲಿ, ಆಮೇಲೆ ಉದ್ದ ಹಗ್ಗ ಕಟ್ಟಿ ಮೈದಾನದಲ್ಲಿ. ಚೆನ್ನಾಗಿ ಕಲಿತರೂ ರಸ್ತೆಯಲ್ಲಿ ಬೆಲ್ಟ್ ಬಿಚ್ಚಬೇಡಿ. ಮುಧೋಳ ನಾಯಿ ಸಾಕಿದವರಿಗಂತೂ ಇದು ಖಂಡಿತ. ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಹೋಗುವ ಬೇಟೆ ತಳಿ ಅದು. ಓಡಲು ಶುರುವಾದರೆ ನಿಮ್ಮ ದನಿ ಅದಕ್ಕೆ ಕೇಳಿಸುವುದೇ ಇಲ್ಲ.

ಕೈ ಕಚ್ಚುವುದು ಹಲ್ಲು ಬದಲಾಗುವ ಕಾಲದ್ದು, ನಾಲ್ಕರಿಂದ ಆರು ತಿಂಗಳಲ್ಲಿ ಜಾಸ್ತಿ. ಕಚ್ಚಿದಾಗ ಆಟ ನಿಲ್ಲಿಸಿ ಬೆನ್ನು ತಿರುಗಿಸಿ, ಕಡಿಯಲು ಬೇರೆ ಏನಾದರೂ ಕೊಡಿ. ಆರು ತಿಂಗಳು ದಾಟಿದ ಮೇಲೆ ಕಲಿತದ್ದೆಲ್ಲ ಮರೆತಂತೆ ಆಡುವ ಕಾಲವೂ ಬರುತ್ತದೆ. ಆಗ ಗಾಬರಿಯಾಗದೆ ಹಳೇ ಪಾಠವನ್ನೇ ಕೋಣೆಯೊಳಗಿಂದ ಮತ್ತೆ ಮಾಡಿಸಿ.

ತಿಂಗಳುಗಟ್ಟಲೆ ಹೊರಗೇ ಹೋಗುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಮನೆಯೊಳಗೆ ಉಚ್ಚೆ ಮಾಡಿದರೆ ಮಾತ್ರ ಅದನ್ನು ಪಾಠದ ತಪ್ಪು ಅಂದುಕೊಳ್ಳಬೇಡಿ. ಮೂತ್ರದ ಸೋಂಕು ಇರಬಹುದು. ಅವತ್ತೇ ಪಶುವೈದ್ಯರಿಗೆ ತೋರಿಸಿ.